ಡಾಮ್, ಸಬ್, ಸ್ವಿಚ್: ಲಾವಣಿಗೆ ಕೊಟ್ಟ ಅಧಿಕಾರ

ಬಿಡಿಎಸ್‌ಎಂ ಎಂದರೆ ಒಪ್ಪಿಗೆಯಿಂದ ಆಡುವ, ಬಹುಪಾಲು ಕಾಮಕ್ಕೆ ಸೇರಿದ ಆಟ. ಆ ನಾಲ್ಕಕ್ಷರದೊಳಗೆ ಮೂರು ಜೋಡಿಗಳಿವೆ: ಕಟ್ಟುವುದು ಮತ್ತು ಶಿಸ್ತು, ಆಳುವುದು ಮತ್ತು ಅಧೀನವಾಗುವುದು, ನೋವು ಕೊಟ್ಟು ಸುಖಿಸುವುದು ಮತ್ತು ನೋವುಂಡು ಸುಖಿಸುವುದು. ಮೂರೂ ಒಬ್ಬರಲ್ಲೇ ಇರಬೇಕೆಂದಿಲ್ಲ.

ಆಳುವವರು ಡಾಮ್, ಅಧೀನರಾಗುವವರು ಸಬ್, ಎರಡೂ ಕಡೆ ಆಡುವವರು ಸ್ವಿಚ್. ಟಾಪ್, ಬಾಟಮ್ ಬೇರೆ ಮಾತು. ಕಟ್ಟುವವರು ಯಾರು, ಕಟ್ಟಿಸಿಕೊಳ್ಳುವವರು ಯಾರು ಎಂಬುದಷ್ಟೇ ಅಲ್ಲಿ ವಿಷಯ. "ಹಿಂಗ ಕಟ್ಟು, ಇಲ್ಲಿ ಸಡ್ಲ ಬಿಡು" ಎಂದು ಅಪ್ಪಣೆ ಕೊಡುತ್ತ ಕಟ್ಟಿಸಿಕೊಳ್ಳುವವಳು ಬಾಟಮ್ ಹೌದು, ಆದರೆ ಡಾಮ್ ಅವಳೇ.

ಧಾರವಾಡ, ಗದಗ ಕಡೆ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಾಕುವುದನ್ನು ಬಲ್ಲವರಿಗೆ ಈ ಅಧಿಕಾರದ ಲೆಕ್ಕ ಬೇಗ ತಲೆಗೆ ಹತ್ತುತ್ತದೆ. ಉಳುವವನು ಬೇರೆ, ಉತಾರದಲ್ಲಿ (ಪಹಣಿಯಲ್ಲಿ) ಇರುವ ಹೆಸರು ಬೇರೆ. ಎಷ್ಟು ಹೊತ್ತು, ಯಾವುದಕ್ಕೆ, ಯಾವುದು ಬಿಲ್‌ಕುಲ್ ಇಲ್ಲ ಎಂಬುದನ್ನು ಮೊದಲೇ ಮಾತಾಡಿ ಸಬ್ ತನ್ನ ಮೇಲಿನ ಹಕ್ಕನ್ನು ಲಾವಣಿಗೆ ಕೊಡುತ್ತಾರೆ. ಫರಕು ಒಂದೇ: ಸುಗ್ಗಿಯವರೆಗೆ ಕಾಯಬೇಕಿಲ್ಲ, ನಡುವೆಯೇ ವಾಪಸ್ ಪಡೆಯಬಹುದು. ಕೊಡಲು ಬಾರದ್ದೂ ಇದೆ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮು 18 ದಾಟಿದವರ ಒಪ್ಪಿಗೆಯನ್ನಷ್ಟೇ ಮನ್ನಿಸುತ್ತದೆ, ಅದೂ ತೀವ್ರ ಗಾಯದ ಉದ್ದೇಶವಾಗಲಿ ಅರಿವಾಗಲಿ ಇಲ್ಲದಿದ್ದರೆ. "ಗಂಡ ಹೇಳಿದಂಗ ಕೇಳಬೇಕು" ಎಂಬ ದಬ್ಬಾಳಿಕೆಗೂ ಬಿಡಿಎಸ್‌ಎಂ ಹೆಸರು ಅಂಟಿಸುವವರಿದ್ದಾರೆ. ಅಲ್ಲಿ ಕೊಟ್ಟವರೇ ಇಲ್ಲ, ಕಸಿದವರಷ್ಟೇ.

ವಾಪಸ್ ಪಡೆಯುವ ಸಾಧನ ಸೇಫ್‌ವರ್ಡ್, ಅಂದಕೂಡಲೇ ಆಟ ನಿಲ್ಲಿಸುವ ಪದ. "ಬ್ಯಾಡ" ಎನ್ನುವುದೂ ಆಟದ ಮಾತೇ ಎಂದು ಇಬ್ಬರೂ ಒಪ್ಪಿದ್ದರೆ ಸಂಬಂಧವೇ ಇಲ್ಲದ ಇನ್ನೊಂದು ಪದ ಬೇಕು. "ಗಿರ್ಮಿಟ್" ಆದೀತು, ಆ ಹೊತ್ತಲ್ಲಿ ಯಾರಿಗೂ ತಾನಾಗಿ ಬಾಯಿಗೆ ಬರುವ ಪದವಲ್ಲ, ಅದಕ್ಕೇ ಚಲೋ. ಹಾಗೆ ಒಪ್ಪಿರದಿದ್ದರೆ "ಬ್ಯಾಡ" ಅಂದರೆ ಬ್ಯಾಡವೇ. ಬಾಯಿ ಕಟ್ಟಿದ್ದರೆ ಕೈಯಲ್ಲೊಂದು ಕೀಲಿ ಗೊಂಚಲು ಇರಲಿ. ಅದು ಬಿದ್ದ ಸದ್ದಾಯಿತೋ, ಆಟ ಬಂದ್.

ಹಗ್ಗದಲ್ಲಿ ಎಚ್ಚರ ತಪ್ಪಿದರೆ ಕೆಡುತ್ತದೆ. ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೈಯ ಬಣ್ಣ ಸರಿಯಿದೆ ಎಂದು ಸುಮ್ಮನಾಗುವುದೇ ತಪ್ಪು. ಮೇಲ್ತೋಳಿನ ಹೊರಬದಿಯಲ್ಲಿ ರೇಡಿಯಲ್ ನರ ಎಲುಬಿಗೆ ಅಂಟಿಕೊಂಡು ಹಾಯುತ್ತದೆ. ಅಲ್ಲಿ ಒತ್ತಿದರೆ ಬಣ್ಣ ಬದಲಾಗದೆಯೇ ಮಣಿಕಟ್ಟು ಜೋತು ಬೀಳಬಹುದು, ಸರಿಹೋಗಲು ವಾರಗಟ್ಟಲೆ ಹಿಡಿಯಬಹುದು. ಆಗಾಗ ಅಂಗೈ ಹಿಂದಕ್ಕೆ ಎತ್ತಿಸಿ ನೋಡಬೇಕು. ಜೋಮು ಹಿಡಿದಿದೆ ಎಂದರೆ ಗಂಟು ಬಿಚ್ಚುತ್ತ ಕೂಡಬಾರದು, ಮೊಂಡು ತುದಿಯ ಕತ್ತರಿಯಿಂದ ಕತ್ತರಿಸುವುದು. ಕುತ್ತಿಗೆಗೆ ಹಗ್ಗ ಬೇಡ, ಅದಕ್ಕೆ ಸುರಕ್ಷಿತ ವಿಧಾನವಿಲ್ಲ. ಬಾಗಿಲಿಗೆ ಪಾರ್ಸಲ್ ಬಂದರೂ ಕಟ್ಟಿಸಿಕೊಂಡವರನ್ನು ಒಬ್ಬರನ್ನೇ ಬಿಟ್ಟು ಏಳಬಾರದು.

ಮುಗಿದ ಮೇಲೆ ನೀರು, ಹೊದಿಕೆ, ಮಾತು. ಇದೇ ಆಫ್ಟರ್‌ಕೇರ್. ಒಂದೆರಡು ದಿನ ಬಿಟ್ಟು ಮನಸ್ಸಿಗೆ ಮಂಕು ಕವಿಯಬಹುದು, ಅದು ಡಾಮ್‌ಗೂ ತಪ್ಪಿದ್ದಲ್ಲ. ಹಾಗಾಗಿ ಮರುದಿನದ ಫೋನು ಎರಡೂ ಕಡೆಯಿಂದ.