ಬಾರದ ಭೂತ

ಹುಬ್ಬಳ್ಳಿಯಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಯಾವುದಾದರೊಂದು ಮೈದಾನಕ್ಕೆ ಎಕ್ಸಿಬಿಷನ್ ಬಂದೇ ಬರುತ್ತದೆ. ದೊಡ್ಡ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಬಾವಿಯ ಗೋಡೆ ಮೇಲೆ ಬೈಕ್ ಓಡಿಸುವವರು, ಮೂಲೆಯಲ್ಲೊಂದು ಭೂತ ಬಂಗಲೆ. ಈ ಸಲ ಅಕ್ಕನ ಮಗ ಮೊದಲ ದಿನವೇ ಓಣಿಯವರ ಜೊತೆ ಹೋಗಿ ಬಂದಿದ್ದ. ಒಂಬತ್ತು ವರ್ಷದ ಹುಡುಗ. ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲವಂತೆ. ಮರುದಿನ ಸಂಜೆ ನನ್ನನ್ನೂ ಎಳೆದುಕೊಂಡು ಹೋದ.

ಭೂತ ಬಂಗಲೆಯ ಬಂಡಿ ಕತ್ತಲೊಳಗೆ ಹೊಕ್ಕಿತು. ಮುಖಕ್ಕೆ ಜೇಡರ ಬಲೆ ತಾಕಿತು, ಅದು ಹೊಲಿಗೆ ದಾರ. ಹಸಿರು ಬಲ್ಬಿನ ಕೆಳಗೊಂದು ತಲೆಬುರುಡೆ. ಎಲ್ಲೋ ಸ್ಪೀಕರಿನಲ್ಲಿ ನಾಯಿ ಊಳಿಡುತ್ತಿತ್ತು. ಕೊನೇ ತಿರುವು ಹತ್ತಿರ ಬರುತ್ತಿದ್ದಂತೆ ಅವನು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದ. "ಮಾಮಾ, ಈಗ ನೋಡ. ಎಡಕ್ಕ! ಎಡಕ್ಕ!"

ಎಡಕ್ಕೆ ಒಂದು ಹೆಣದ ಪೆಟ್ಟಿಗೆ ಇತ್ತು. ಸ್‌ಸ್‌ಸ್ ಅಂತ ಗಾಳಿ ಸೋರುವ ಸದ್ದಾಯಿತು. ಮುಚ್ಚಳ ಒಂದು ಬೆರಳಿನಷ್ಟು ಎದ್ದು ಮತ್ತೆ ಕೂತಿತು. ಅಷ್ಟೇ. ಬಂಡಿ ಬೆಳಕಿಗೆ ಬಂತು.

ನನಗೇನೂ ಬೇಜಾರಾಗಲಿಲ್ಲ. ತಲೆಬುರುಡೆ ನೋಡಿದೆ, ನಾಯಿ ಕೇಳಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸಿತು. ಅವನ ಮುಖ ಮಾತ್ರ ನೋಡುವಂತಿರಲಿಲ್ಲ. "ನಿನ್ನೆ ಬಂದಿತ್ತು ಮಾಮಾ. ಖರೇನ ಬಂದಿತ್ತು. ಹಿಂಗ ಎದ್ದು ಮೈಮ್ಯಾಲೆ ಬಂದಿತ್ತು." ಭೂತ ಬರಲಿಲ್ಲ ಎನ್ನುವುದಕ್ಕಿಂತ ನಾನು ಅವನನ್ನು ನಂಬಲಿಕ್ಕಿಲ್ಲ ಎನ್ನುವ ಸಂಕಟವೇ ಜಾಸ್ತಿ ಇತ್ತೇನೋ. ಗೇಟಿನಲ್ಲಿ ಕೂತಿದ್ದ ಮನುಷ್ಯನನ್ನು ಕೇಳಿದೆ. "ವಾಷರ್ ಹೋಗೇತ್ರಿ ಸರ. ಮಾಡಿಸಿ ಇಟ್ಟಿರ್ತೀನಿ, ಮುಂದಿನ ವಾರ ಬರ್ರಿ" ಅಂದ.

ಒಂದೇ ಬಂಡಿ, ಒಂದೇ ಕತ್ತಲೆ, ಕೆಟ್ಟದ್ದೂ ಒಂದೇ. ಆದರೆ ಒಬ್ಬನಿಗೆ ಎರಡು ನಿಮಿಷದ ಮಜಾ, ಇನ್ನೊಬ್ಬನಿಗೆ ಇಡೀ ಸಂಜೆ ಹಾಳು.

1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಮತ್ತು ಅವರ ಜೊತೆಗಾರರು ಕೋತಿಗಳ ಮಿದುಳಿಗೆ ತೀರಾ ತೆಳ್ಳನೆಯ ತಂತಿ ಇಳಿಸಿ, ಡೋಪಮೈನ್ ಎಂಬ ರಾಸಾಯನಿಕ ಬಿಡುವ ನರಕೋಶಗಳ ಮಿಡಿತ ಕೇಳುತ್ತಾ ಕೂತಿದ್ದರು. ಕೋತಿಯ ಬಾಯಿಗೆ ಒಂದು ಹನಿ ಹಣ್ಣಿನ ರಸ ಬಿದ್ದರೆ ಆ ಕೋಶಗಳು ಪಟಪಟ ಮಿಡಿಯುತ್ತಿದ್ದವು. ಆಮೇಲೆ ರಸ ಕೊಡುವ ಮುಂಚೆ ಪ್ರತಿ ಸಲ ಒಂದು ಸುಳಿವು ಕೊಡತೊಡಗಿದರು. ಕೋತಿಗೆ ಲೆಕ್ಕ ಗೊತ್ತಾಯಿತು. ಈಗ ಕೋಶಗಳು ಸುಳಿವು ಬಂದಾಗಲೇ ಮಿಡಿಯತೊಡಗಿದವು, ರಸ ಬಂದಾಗ ಸುಮ್ಮನಿದ್ದವು. ಬರುತ್ತದೆ ಅಂತ ಗೊತ್ತಿದ್ದದ್ದು ಬಂತು, ಅದರಲ್ಲೇನು ವಿಶೇಷ?

ಮಜಾ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸುಳಿವು ಕೊಟ್ಟು ರಸ ಕೊಡದೇ ಬಿಟ್ಟರು. ರಸ ಬರಬೇಕಿದ್ದ ಸರಿಯಾದ ಹೊತ್ತಿಗೆ ಕೋಶಗಳ ಮಿಡಿತ ಕುಸಿಯಿತು. ಸದಾ ಇರುವ ಅಲ್ಪಸ್ವಲ್ಪ ಮಿಡಿತಕ್ಕಿಂತಲೂ ಕೆಳಗೆ ಹೋಯಿತು. ಅಂದರೆ ಮಿದುಳು ಏನು ಬರುತ್ತದೆ ಅನ್ನುವುದನ್ನಷ್ಟೇ ಅಲ್ಲ, ಯಾವಾಗ ಬರುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಂಡಿರುತ್ತದೆ. ಮನುಷ್ಯರ ಮಿದುಳಿನ ಸ್ಕ್ಯಾನ್‌ಗಳಲ್ಲೂ ಇಂಥದ್ದೇ ಗುರುತು ಸಿಕ್ಕಿದೆ. ಕೋತಿಯಿಂದ ಅಳಿಯನಿಗೆ ಒಂದೇ ಜಿಗಿತಕ್ಕೆ ಹಾರಿದೆ ಅಂತ ನೀವು ಆಕ್ಷೇಪಿಸಬಹುದು. ನೀವು ಅವನನ್ನು ನೋಡಿಲ್ಲ.

ನನ್ನ ತಲೆಯಲ್ಲಿ ಆ ಪೆಟ್ಟಿಗೆಗೆ ಜಾಗವೇ ಇರಲಿಲ್ಲ. ಅವನ ತಲೆಯಲ್ಲಿ ಆ ಕ್ಷಣ ಖಾಲಿ ಬಿಟ್ಟ ಪಂಕ್ತಿಯ ಎಲೆಯಂತೆ ಕಾಯುತ್ತಿತ್ತು.

ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಡೆದಿದೆ. ಡಿಸ್ನಿಯವರ ಅನಿಮಲ್ ಕಿಂಗ್‌ಡಮ್ ಎಂಬ ಪಾರ್ಕಿನಲ್ಲಿ 2006ರಲ್ಲಿ ಎಕ್ಸ್‌ಪೆಡಿಷನ್ ಎವರೆಸ್ಟ್ ಎಂಬ ರೋಲರ್ ಕೋಸ್ಟರ್ ಶುರುವಾಯಿತು. ಕೃತಕ ಹಿಮಾಲಯದೊಳಗೆ ರೈಲು ಓಡುತ್ತದೆ. ಕೊನೆಗೆ ಎರಡಂತಸ್ತಿನ ಮನೆಯೆತ್ತರದ ಹಿಮಮಾನವ, ಯೇತಿ, ಕೈ ಬೀಸಿ ಹಿಡಿಯಲು ಬರಬೇಕು. ಬಂದ ಕೂಡ. ಆದರೆ ಹೆಚ್ಚು ಕಾಲ ಅಲ್ಲ. ಬಹಳ ಬೇಗ ಅವನ ಚಲನೆ ನಿಲ್ಲಿಸಬೇಕಾಯಿತು. ಅಷ್ಟು ಭಾರದ ಯಂತ್ರ, ಬೆಟ್ಟದೊಳಗಿನ ಇಕ್ಕಟ್ಟಿನ ಜಾಗ. ಬಿಚ್ಚಿ ತಂದು ರಿಪೇರಿ ಮಾಡಲು ಅದೇನು ಮಿಕ್ಸರ್ ಅಲ್ಲವಲ್ಲ. ಕದಲದ ಯೇತಿಯ ಮೇಲೆ ಮಿನುಗುವ ದೀಪ ಬಿಟ್ಟರು. ಜನ ಅವನಿಗೆ ಡಿಸ್ಕೋ ಯೇತಿ ಅಂತ ಹೆಸರಿಟ್ಟರು.

ಮಿನುಗುವ ದೀಪ ಯಾಕೆ ಅಂದರೆ, ಗಣಪತಿ ಮೆರವಣಿಗೆಯ ಡಿಜೆ ಮುಂದೆ ಕುಣಿದವರಿಗೆ ಅದು ಗೊತ್ತು. ಬೆಳಕು ಬಿದ್ದ ಕ್ಷಣದಲ್ಲಿ ಎದುರಿನವನ ಕೈ ಇಲ್ಲಿ, ಮುಂದಿನ ಮಿಂಚಿಗೆ ಅಲ್ಲಿ. ನಡುವೆ ಕಣ್ಣಿಗೆ ಏನೂ ಸಿಗಲಿಲ್ಲ. ಮಿದುಳು ತಾನೇ ಹೊಲಿದು ಜೋಡಿಸಿತು. ಹೀಗೆ ಬಿಡಿ ನೋಟಗಳಿಂದ ಚಲನೆ ಹುಟ್ಟುವುದನ್ನು ಮನೋವಿಜ್ಞಾನಿ ಮ್ಯಾಕ್ಸ್ ವರ್ಟೈಮರ್ 1912ರಲ್ಲೇ ವಿವರಿಸಿದ್ದರು. ಕೋಸ್ಟರಿನಲ್ಲಿ ಯೇತಿ ಅಲುಗುವುದಿಲ್ಲ, ನೋಡುವವರು ಓಡುತ್ತಿರುತ್ತಾರೆ. ಪ್ರತಿ ಮಿಂಚಿಗೂ ಅವನು ಬೇರೆ ಕೋನದಿಂದ ಕಾಣುತ್ತಾನೆ. ಮೊದಲ ಸಲ ಹೋದವರಿಗೆ ಅಷ್ಟು ಸಾಕು, ಕಿರುಚಿಕೊಂಡು ಇಳಿಯುತ್ತಾರೆ. ಗೊತ್ತಿದ್ದವರು ಮಾತ್ರ "ಛೆ" ಅನ್ನುತ್ತಾರೆ. ಈಗಂತೂ ಟಿಕೆಟ್ ತೆಗೆಯುವ ಮುಂಚೆಯೇ ಮೊಬೈಲಿನಲ್ಲಿ ಇಡೀ ಸವಾರಿ ನೋಡಿ ಹೋಗುವ ಕಾಲ. ಹಾಗಾಗಿ ಎಲ್ಲರೂ ನನ್ನ ಅಳಿಯನೇ.

ಇಷ್ಟು ದುಡ್ಡು ಸುರಿದ ಯಂತ್ರ ಕೆಡುವುದಾದರೂ ಯಾಕೆ? ಸಣ್ಣ ಲೆಕ್ಕ ಹಾಕಿ. ಅರ್ಧ ನಿಮಿಷಕ್ಕೊಮ್ಮೆ ಕೈ ಎತ್ತುವ ಬೊಂಬೆ. ದಿನಕ್ಕೆ ಹತ್ತು ಗಂಟೆ ಅಂದರೆ 1,200 ಸಲ. ವರ್ಷಕ್ಕೆ 4,38,000 ಸಲ. ನಿಮ್ಮ ಮನೆ ಬಾಗಿಲನ್ನು ದಿನಕ್ಕೆ ಐವತ್ತು ಸಲ ತೆರೆದು ಹಾಕಿದರೂ ಅಷ್ಟಾಗಲು ಇಪ್ಪತ್ನಾಲ್ಕು ವರ್ಷ ಬೇಕು. ಅದೂ ಬಾಗಿಲನ್ನು ಯಾರೂ ದಡಾರನೆ ಬೀಸಿ ಗಕ್ಕನೆ ನಿಲ್ಲಿಸುವುದಿಲ್ಲ. ಭೂತ ಮೆಲ್ಲಗೆ ಎದ್ದರೆ ಯಾರು ಹೆದರುತ್ತಾರೆ? ಹೆದರಿಸುವುದು ಆ ಜರ್ಕು. ಕಬ್ಬಿಣವನ್ನು ಕೊಲ್ಲುವುದೂ ಅದೇ ಜರ್ಕು.

ಇದು ನಮ್ಮ ಹುಬ್ಬಳ್ಳಿಯವರಿಗೆ ಹೊಸದಲ್ಲ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಹತ್ತಿರ ಎಂಜಿನ್ನಿನ ಆಕ್ಸಲ್ ಮುರಿದು ಭೀಕರ ಅಪಘಾತವಾಯಿತು. ಚೆನ್ನಾಗಿಯೇ ಇದ್ದ ಆಕ್ಸಲ್ಲುಗಳು ಹೀಗೆ ಯಾಕೆ ಮುರಿಯುತ್ತವೆ ಅಂತ ಮುಂದೆ ಔಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರ್ ವರ್ಷಗಟ್ಟಲೆ ತಿರುಗಿಸಿ ಬಗ್ಗಿಸಿ ನೋಡಿದರು. ಒಂದೇ ಸಲಕ್ಕೆ ಏನೂ ಮಾಡದ ಭಾರ, ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ. ಮೊದಲು ಕೂದಲಿನಂಥ ಬಿರುಕು, ಅದು ಪ್ರತಿ ಸುತ್ತಿಗೂ ಒಂಚೂರು ಮುಂದಕ್ಕೆ, ಕೊನೆಗೊಂದು ದಿನ ಠಪ್. ಲೋಹದ ದಣಿವು ಅಂತ ಇದನ್ನು ಕರೆಯುತ್ತಾರೆ. ಇವತ್ತಿಗೂ ರೈಲಿನ ಆಕ್ಸಲ್ಲುಗಳನ್ನು ಅಲ್ಟ್ರಾಸೌಂಡ್ ಹಾಕಿ ನೋಡುವುದು ಈ ಬಿರುಕಿಗಾಗಿಯೇ.

ನಮ್ಮ ಎಕ್ಸಿಬಿಷನ್ ಭೂತದ ರೋಗ ಇನ್ನೂ ಬಡತನದ್ದು. ಪೆಟ್ಟಿಗೆಯ ಹಿಂದೆ ಇದ್ದದ್ದು ಪಂಕ್ಚರ್ ಅಂಗಡಿಯಲ್ಲಿರುವಂಥದ್ದೇ ಗಾಳಿ ಕಂಪ್ರೆಸರ್. ಒಂದು ಸಿಲಿಂಡರ್, ಒಳಗೊಂದು ಪಿಸ್ಟನ್, ಗಾಳಿ ಸೋರದಂತೆ ರಬ್ಬರಿನ ವಾಷರ್. ಗಾಳಿಯನ್ನು ಒತ್ತಿ ತುಂಬಿ ತಣಿಸಿದಾಗ ಅದರಲ್ಲಿದ್ದ ತೇವ ನೀರಾಗಿ ಇಳಿಯುತ್ತದೆ. ಪಂಕ್ಚರ್ ಅಂಗಡಿಯವರು ಆಗಾಗ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಿಡುವುದು ಅದಕ್ಕೇ. ಬಿಡದಿದ್ದರೆ ಆ ನೀರು ಸಿಲಿಂಡರಿಗೆ ಹೋಗಿ ತುಕ್ಕು ಹಿಡಿಸುತ್ತದೆ. ಅದರ ಮೇಲೆ ನಮ್ಮ ಮೇ ತಿಂಗಳ ಧೂಳು. ತುಕ್ಕು, ಧೂಳು ಸೇರಿದರೆ ವಾಷರಿಗೆ ಅದೇ ಮರಳು ಕಾಗದ.

ಆದರೂ ಬಂಡಿ ಓಡುತ್ತಲೇ ಇತ್ತು, ಯೇತಿಯ ಬೆಟ್ಟದೊಳಗಿನ ರೈಲೂ ಹಾಗೆಯೇ. ಇದು ಉಡಾಫೆ ಅಲ್ಲ. ರೋಲರ್ ಕೋಸ್ಟರಿನ ಹಳಿಯನ್ನು ನಮ್ಮ ರೈಲು ಹಳಿಯಂತೆಯೇ ಬ್ಲಾಕುಗಳಾಗಿ ಒಡೆದಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಅದನ್ನು ಕಾಯುವ ಸೆನ್ಸರ್‌ಗೆ ಸಣ್ಣ ಅನುಮಾನ ಬಂದರೂ ಎಲ್ಲ ನಿಂತೇಬಿಡುತ್ತದೆ, ನೀವು ಅರ್ಧ ಗಂಟೆ ಮೇಲೆ ನೇತಾಡಿದರೂ ಸರಿ. ಭೂತಕ್ಕೆ ಆ ಮರ್ಯಾದೆ ಇಲ್ಲ. ಅದು ಕೆಟ್ಟರೆ ಯಾರಿಗೂ ಗಾಯವಾಗುವುದಿಲ್ಲ, ಮನಸ್ಸಿಗೆ ಬಿಟ್ಟು. ಬ್ರೇಕ್ ಕೆಟ್ಟು ಭೂತ ಸರಿಯಿರುವುದಕ್ಕಿಂತ ಇದೇ ವಾಸಿ ಅಲ್ವಾ?

ಒಂದು ದೂರು ಮಾತ್ರ ನನಗಿದೆ. ಕೆಡುವ ಸಾಧ್ಯತೆ ಹೆಚ್ಚಿರುವುದನ್ನೇ ಕೊನೆಗೆ ಇಡುತ್ತಾರಲ್ಲ, ಯಾಕೆ? ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಜನರ ಕೈಯನ್ನು ತಣ್ಣೀರಲ್ಲಿ ಮುಳುಗಿಸಿದರು. ಒಮ್ಮೆ 14 ಡಿಗ್ರಿಯಲ್ಲಿ 60 ಸೆಕೆಂಡು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು, ಆಗ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದು ಬೇಕು ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ನೋವು ಜಾಸ್ತಿ ಹೊತ್ತು ಇತ್ತು, ಆದರೆ ಕೊನೆಗೆ ತುಸು ಕಡಿಮೆಯಾಗಿತ್ತು. ನೆನಪಿನಲ್ಲಿ ಉಳಿಯುವುದು ತುದಿಯೇ. ಆ ತುದಿಗೆ ಒಂದು ರಬ್ಬರ್ ವಾಷರನ್ನು ಕಾವಲಿಟ್ಟರೆ ಹೇಗೆ?

ಕೆಡುವುದನ್ನು ತೋರಿಸದೆಯೂ ಹೆದರಿಸಬಹುದು. 1975ರ ಜಾಸ್ ಸಿನಿಮಾದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಪದೇ ಪದೇ ಕೈಕೊಟ್ಟಿತು. ನಿರ್ದೇಶಕ ಸ್ಪೀಲ್‌ಬರ್ಗ್ ಶಾರ್ಕನ್ನು ಬಹುಪಾಲು ಮರೆಯಲ್ಲೇ ಇಟ್ಟರು. ನೀರ ಮೇಲೆ ತೇಲುವ ಹಳದಿ ಪೀಪಾಯಿ ಕಂಡರೂ ಜನ ಕುರ್ಚಿ ಬಿಗಿ ಹಿಡಿದರು. ಅದೇ ಶಾರ್ಕನ್ನು ಸವಾರಿ ಮಾಡಿ 1990ರಲ್ಲಿ ಫ್ಲೋರಿಡಾದ ಯೂನಿವರ್ಸಲ್ ಪಾರ್ಕಿನಲ್ಲಿ ಬಿಟ್ಟಾಗ ಬಚ್ಚಿಡಲು ಆಗಲಿಲ್ಲ. ಅದು ಬೆನ್ನುಬೆನ್ನಿಗೆ ಕೆಟ್ಟಿತು. ಮುಚ್ಚಿ, ಹೊಸದಾಗಿ ಕಟ್ಟಿ, 1993ರಲ್ಲಿ ಮತ್ತೆ ತೆರೆದರು.

ಇನ್ನು ನಮ್ಮ ಹಾವೇರಿ ಜಿಲ್ಲೆಯ ಗೊಟಗೋಡಿಗೆ ಹೋಗಿ ನೋಡಿ. ಹೆದ್ದಾರಿ ಪಕ್ಕದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಊರಿನ ಜನ ನಿಜವಾದ ಆಳೆತ್ತರಕ್ಕೆ ನಿಂತಿದ್ದಾರೆ. ಒಬ್ಬರೂ ಕದಲುವುದಿಲ್ಲ. ನಾನು ಒಂದು ಸಲ ಅಲ್ಲಿ ಕಟ್ಟೆ ಮೇಲೆ ಕೂತವರ ಹತ್ತಿರ ಹೋಗಿ "ನೀರೆಲ್ಲಿ ಸಿಗ್ತದರಿ?" ಅಂತ ಕೇಳಿ ಪೆಚ್ಚಾಗಿದ್ದೇನೆ. ಕದಲಲಿಲ್ಲ ಅಂತ ದೂರಿದವರನ್ನು ಕಾಣೆ. ಕದಲುತ್ತೇವೆ ಅಂತ ಅವರು ಯಾವತ್ತೂ ಹೇಳಿರಲೇ ಇಲ್ಲವಲ್ಲ.

ಮುಂದಿನ ವಾರ ಅಳಿಯನನ್ನು ಮತ್ತೆ ಕರೆದುಕೊಂಡು ಹೋದೆ. ಬರಲು ಅವನಿಗೆ ಮನಸ್ಸಿರಲಿಲ್ಲ, ಗಿರ್ಮಿಟ್ ಆಸೆಗೆ ಬಂದ. ಕೊನೇ ತಿರುವಿನಲ್ಲಿ ನನ್ನ ಮೊಣಕೈ ಹಿಡಿಯಲಿಲ್ಲ. ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. ಸ್‌ಸ್‌ಸ್ ಸದ್ದೂ ಬರಲಿಲ್ಲ. ಬಂಡಿ ಪೆಟ್ಟಿಗೆ ದಾಟಿತು. ಆಗ ಹಿಂದಿನಿಂದ ಮುಚ್ಚಳ ಧಡ್ ಅಂತ ತೆರೆದು, ಏನೋ ಬಿಳಿಯದು ನಮ್ಮಿಬ್ಬರ ತಲೆ ಮೇಲೆ ಬಿತ್ತು. "ಯವ್ವಾ!" ಅಂತ ಅವನು ಕೂಗಿದ ಕೂಗು ಗೇಟಿನವರೆಗೂ ಕೇಳಿಸಿತಂತೆ. ಶುಲ್ಟ್ಸ್ ಅವರ ಕೋತಿಗಳಿಗೂ ಸುಳಿವಿಲ್ಲದೆ ಬಂದ ರಸವೇ ರುಚಿ.

ಹೊರಗೆ ಬಂದು ಹಿಂಬದಿಗೆ ಹೋಗಿ ಇಣುಕಿದೆವು. ಕಂಪ್ರೆಸರ್ ಪಕ್ಕಕ್ಕೆ ಸರಿಸಿದ್ದರು. ಪೆಟ್ಟಿಗೆಗೆ ನೈಲಾನ್ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು ಒಬ್ಬ ಹರೆಯದ ಹುಡುಗ ಸ್ಟೂಲಿನ ಮೇಲೆ ಕೂತಿದ್ದ. ತಗಡಿನ ತೂತಿನಲ್ಲಿ ಬಂಡಿ ನೋಡಿಕೊಂಡು ಎಳೆಯುತ್ತಾನೆ. ಹುಡುಗರು ಜೋರಾಗಿ ಕಂಡರೆ ದಾಟಿದ ಮೇಲೆ ಎಳೆಯುತ್ತಾನಂತೆ. "ಇವತ್ತ ನೂರಾ ನಲವತ್ತು ಸಲ ಆತ್ರಿ" ಅಂದ. ಬಲಗೈಗೆ ಹಳೇ ಬನಿಯನ್ನಿನ ಬಟ್ಟೆ ಸುತ್ತಿಕೊಂಡಿದ್ದ.