ಅತ್ತಾಗ ಯಾರು ಬರುತ್ತಿದ್ದರು?

1920ರ ದಶಕದ ಮುಂಬೈಯಲ್ಲಿ ಗಿರಣಿ ಕೆಲಸದ ಹೆಂಗಸರು ಪಾಳಿಗೆ ಹೊರಡುವ ಮುನ್ನ ಕೂಸಿನ ಬಾಯಿಗೆ ‘ಬಾಳಗೋಳಿ’ ಹಾಕುತ್ತಿದ್ದರು. ಅಫೀಮು ಬೆರೆತ ಸಣ್ಣ ಗುಳಿಗೆ. ಕೂಸು ಅಳದೆ, ಹಸಿವೆಯೆನ್ನದೆ ಬಿದ್ದುಕೊಂಡಿರುತ್ತಿತ್ತು. ಆ ತಾಯಂದಿರನ್ನು ಬಯ್ಯುವುದು ಸುಲಭ. ಪಾಳಿ ತಪ್ಪಿದರೆ ಕೂಲಿಯೂ ತಪ್ಪುತ್ತಿತ್ತು. ಚಟದ ವಿಜ್ಞಾನ ಬಲ್ಲವರಿಗೆ ಆ ಗುಳಿಗೆಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ: ಅಮ್ಮನ ಮೈಶಾಖ ಮಿದುಳಿನ ಯಾವ ಬಾಗಿಲು ತಟ್ಟುತ್ತದೋ ಅಫೀಮು ತಟ್ಟುವುದೂ ಅದನ್ನೇ. ಬಾಲ್ಯದ ನಿರ್ಲಕ್ಷ್ಯಕ್ಕೂ ದೊಡ್ಡವರಾದ ಮೇಲಿನ ಕುಡಿತಕ್ಕೂ ಇರುವ ನಂಟನ್ನು ಹುಡುಕಬೇಕಾದದ್ದು ಇಲ್ಲಿಂದಲೇ.

ನಮ್ಮ ಮೈ ಅಫೀಮಿನಂಥ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ, ಎಂಡಾರ್ಫಿನ್ ಅವುಗಳಲ್ಲೊಂದು. ಎತ್ತಿಕೊಂಡು ಬೆನ್ನು ಸವರಿದಾಗ ಮಗು ಸುಮ್ಮನಾಗುವುದರಲ್ಲಿ ಅವುಗಳ ಪಾಲಿದೆ. 1970ರ ದಶಕದಲ್ಲಿ ಮಿದುಳು ವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು ತಾಯಿಯಿಂದ ಬೇರ್ಪಟ್ಟು ಕುಂಯ್‌ಗುಡುತ್ತಿದ್ದ ನಾಯಿಮರಿಗಳಿಗೆ ಮಂಪರು ಬಾರದಷ್ಟು ಕಡಿಮೆ ಮಾರ್ಫಿನ್ ಕೊಟ್ಟು ನೋಡಿದರು. ಅಳು ತಗ್ಗಿತು.

ನಿರ್ಲಕ್ಷ್ಯಕ್ಕೆ ಬಾಸುಂಡೆ ಇರುವುದಿಲ್ಲ. ಆಗಬೇಕಾದದ್ದು ಆಗದೇ ಹೋದದ್ದು ಅದು, ಹಾಗಾಗಿ ನೆನಪಿಗೂ ಸಿಗುವುದಿಲ್ಲ. ಪುಣೆಯ ಹಿಂಜವಡಿ, ವಾಘೋಲಿ ಕಡೆಯ ಬಿಲ್ಡಿಂಗ್ ಸೈಟುಗಳಲ್ಲಿ ಕಲಬುರಗಿ, ಯಾದಗಿರಿಯಿಂದ ಬಂದ ಅಪ್ಪ-ಅವ್ವ ಇಬ್ಬರೂ ಬಿಗಾರಿ ಕೆಲಸಕ್ಕೆ ಹೋದಾಗ, ಸೀರೆಯ ಜೋಲಿಯಲ್ಲಿರುವ ಕೂಸನ್ನು ಏಳು ವರ್ಷದ ಅಕ್ಕ ತೂಗುತ್ತಾಳೆ. ಅವಳು ಪ್ರೀತಿ ಮಾಡುವುದಿಲ್ಲವೆಂದಲ್ಲ. ಆದರೆ ಅವಳಿಗೇ ಅವ್ವ ಬೇಕಾದ ವಯಸ್ಸು. ಬಡತನವೇ ನಿರ್ಲಕ್ಷ್ಯ ಎಂದೂ ಅಲ್ಲ: ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಮೊಬೈಲ್ ಹಿಡಿದು ಒಬ್ಬನೇ ಉಣ್ಣುವ ಹುಡುಗನ ಲೆಕ್ಕವೂ ಇದರಲ್ಲೇ ಬರುತ್ತದೆ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮಾಡಿದ ಪ್ರಯೋಗ ಕಣ್ಣಿಗೆ ಕಟ್ಟುತ್ತದೆ. ಕೂಸನ್ನು ಆಡಿಸುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ಕಲ್ಲು ಮಾಡಿಕೊಂಡು ಎರಡು-ಮೂರು ನಿಮಿಷ ಸುಮ್ಮನೆ ಕೂರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ. ಯಾವುದೂ ನಡೆಯದಾಗ ಮುಖ ತಿರುಗಿಸಿ, ಕುಗ್ಗಿ, ತನ್ನ ಕೈಯನ್ನೇ ಚೀಪುತ್ತದೆ. ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ ಅದು. ಇಲ್ಲಿ ನಡೆದದ್ದು ಕೆಲವೇ ನಿಮಿಷ. ವರ್ಷಗಟ್ಟಲೆ ಹೀಗೇ ಆದರೆ?

ಉತ್ತರ ರೊಮೇನಿಯಾದಲ್ಲಿ ಸಿಕ್ಕಿತು. ಬುಖಾರೆಸ್ಟ್‌ನ ಅನಾಥಾಲಯಗಳ 136 ಮಕ್ಕಳನ್ನು 2000ದಿಂದೀಚೆಗೆ ಸಂಶೋಧಕರು ಗಮನಿಸುತ್ತ ಬಂದರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದ್ದರು. ಹನ್ನೆರಡು ವಯಸ್ಸಿನ ಆಸುಪಾಸಿನಲ್ಲಿ ನೋಡಿದರೆ, ಸಂಸ್ಥೆಯಲ್ಲೇ ಉಳಿದವರಲ್ಲಿ ಒತ್ತಡಕ್ಕೆ ಏರಬೇಕಾದ ಕಾರ್ಟಿಸಾಲ್ ಹಾರ್ಮೋನು ಸರಿಯಾಗಿ ಏರುತ್ತಲೇ ಇರಲಿಲ್ಲ. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರು ಬಹುಮಟ್ಟಿಗೆ ಉಳಿದ ಮಕ್ಕಳಂತೆ ಇದ್ದರು. ಇದಲ್ಲದೆ, ನಿರ್ಲಕ್ಷ್ಯದಲ್ಲಿ ಬೆಳೆದ ಹದಿಹರೆಯದವರ ಮಿದುಳಿನಲ್ಲಿ ಬಹುಮಾನಕ್ಕೆ ಮಿಡಿಯುವ ಭಾಗ ಮಂದವಾಗಿರುವುದೂ ಕಂಡಿದೆ. ಊಟ, ಆಟ, ಹೊಗಳಿಕೆ ಎಲ್ಲವೂ ಸಪ್ಪೆ. ಮೊದಲ ಕ್ವಾರ್ಟರ್ ಮಾತ್ರ ಸಪ್ಪೆ ಅನಿಸುವುದಿಲ್ಲ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಷ್ಟ ಕಂಡವರಿಗೆ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ತಮಾಷೆಯೆಂದರೆ ಆ ಮೊದಲ ಪಟ್ಟಿಯಲ್ಲಿ ನಿರ್ಲಕ್ಷ್ಯವೇ ಇರಲಿಲ್ಲ, ಆಮೇಲೆ ಸೇರಿಸಿದರು. ಕುಡಿತದ ಚಟದಲ್ಲಿ ಸುಮಾರು ಅರ್ಧ ಪಾಲು ಅನುವಂಶೀಯತೆಯದು ಎಂಬುದನ್ನೂ ಮರೆಯಬಾರದು. ಹೀಗೆ ಬೆಳೆದವರೆಲ್ಲ ಕುಡುಕರಾಗುವುದೂ ಇಲ್ಲ.

ಇದು ಗೊತ್ತಿದ್ದರೆ ಚಿಕಿತ್ಸೆ ಬದಲಾಗಬೇಕು. ನಿತ್ಯ ಕುಡಿಯುವವನು ಬಿಟ್ಟ ಆರೆಂಟು ಗಂಟೆಗೆ ಕೈ ನಡುಗುತ್ತದೆ, 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಸನ್ನಿ. ಹಾಗಾಗಿ ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಬೇಕು. ಗ್ಲೂಕೋಸ್ ಏರಿಸುವ ಮುನ್ನ ಬಿ1 ವಿಟಮಿನ್ ಇಂಜೆಕ್ಷನ್ ಬೀಳಬೇಕು. ವಾರ, ಹತ್ತು ದಿನದಲ್ಲಿ ಮೈ ತಿಳಿಯಾಗುತ್ತದೆ. ಎಡವುವುದು ಅದಾದ ಮೇಲೆ, ಖೋಲಿಗೆ ಮರಳಿದ ಮೊದಲ ಸಂಜೆಗಳಲ್ಲಿ. ಬಾಲ್ಯದಲ್ಲಿ ಯಾರೂ ‘ನಿನಗೆ ಹಸಿವೆ, ನಿನಗೆ ಹೆದರಿಕೆ’ ಎಂದು ಹೆಸರಿಟ್ಟು ಹೇಳದಿದ್ದವನಿಗೆ ಒಳಗಿನ ತಳಮಳವೆಲ್ಲ ಒಂದೇ. ಅದಕ್ಕೆ ಅವನಿಟ್ಟ ಹೆಸರು ದಾರು. ‘ಯಾಕೆ ಕುಡಿದೆ?’ ಎಂದರೆ ತಲೆ ತಗ್ಗಿಸುತ್ತಾನೆ. ‘ಸಣ್ಣವನಿದ್ದಾಗ ಅತ್ತರೆ ಯಾರು ಬರತಿದ್ದರು?’ ಎಂದು ಕೇಳಿದರೆ ಮಾತಿಗೆ ದಾರಿಯಾಗುತ್ತದೆ. ಎದೆ ಭಾರವೋ, ಹೊಟ್ಟೆ ಸಂಕಟವೋ ಎಂದು ಮೈಯಿಂದಲೇ ಶುರು ಮಾಡಿ. ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಸಂಜೆ ಆರೂವರೆಗೇ ರೊಟ್ಟಿ ತಿಂದು, ಯಾರಾದರೂ ಜೊತೆಗಿದ್ದರೆ ಆ ಅರ್ಧ ಗಂಟೆ ದಾಟಬಹುದು.

ಭಾಷೆಯದೂ ತೊಡಕು. ಮುಕಾದಮನ (ಕೂಲಿಯಾಳುಗಳ ಮೇಸ್ತ್ರಿಯ) ಜೊತೆ ಕೂಲಿ ಮಾತಾಡುವಷ್ಟು ಮರಾಠಿ ಬಂದವನು ಗುಂಪು ಚಿಕಿತ್ಸೆಯಲ್ಲಿ ಮೂಕನಾಗುತ್ತಾನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇನ್ನು, ಮನೆಯವರು ಸಾರಿನಲ್ಲಿ ಗುಟ್ಟಾಗಿ ಬೆರೆಸುವ, ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆ ಬೇಡವೇ ಬೇಡ. ತಿಳಿಯದೆ ಕುಡಿದರೆ ಬಿಪಿ ಕುಸಿದು ಪ್ರಾಣವೇ ಹೋಗಬಹುದು. ಹೋಗದಿದ್ದರೂ, ಯಾರನ್ನೂ ನಂಬದೆ ಬೆಳೆದವನು ಮನೆಯ ಊಟವನ್ನೂ ನಂಬದಂತಾಗುತ್ತಾನೆ.

ಮುಂದಿನ ತಲೆಮಾರಿನ ಮಟ್ಟಿಗೆ ಕಾನೂನು ಹೊಸದೇನಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮಿನಂತೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಬೇಕಿತ್ತು, ಶಿಶುಪಾಲನೆ ಬಲ್ಲ ಹೆಂಗಸರೂ ಇರಬೇಕಿತ್ತು. ಗುತ್ತಿಗೆ ತುಂಡುತುಂಡಾದರೆ ಒಬ್ಬೊಬ್ಬ ಮುಕಾದಮನ ಹಾಜರಿ ಪುಸ್ತಕದಲ್ಲಿ ಹತ್ತಿಪ್ಪತ್ತು ಹೆಸರಷ್ಟೇ ಕಾಣುತ್ತವೆ. ಕೇಳುವವರು ಇಡೀ ಸೈಟಿನ ಲೆಕ್ಕ ಕೇಳಬೇಕು.