ಆವಿ ಹೊಕ್ಕರೆ ಅಂಕಿ ಏರುತ್ತದೆ

ಮೀನು ಒಣಗಿಸುವುದಕ್ಕೂ ಅಲ್ಯೂಮಿನಿಯಂ ತಗಡಿಗೂ ಏನು ನಂಟು? 1953ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟ ಬರಹವೊಂದರಲ್ಲಿ ಇದಕ್ಕೆ ಉತ್ತರವಿದೆ. ಬರೆದವರು ಆನ್ಸ್‌ಬಾಕರ್ ಮತ್ತು ಜೇಸನ್. ಜೇಸನ್ ದುಡಿಯುತ್ತಿದ್ದ ಸ್ಕಾಟ್ಲೆಂಡಿನ ಟೋರಿ ಕೇಂದ್ರದ ಕಸುಬೇ ಮೀನಿನ ಸಂಶೋಧನೆ. ಅನೊಡೈಸ್ ಮಾಡಿದ, ಎಂದರೆ ವಿದ್ಯುತ್ ಹಾಯಿಸಿ ಮೇಲೆ ಆಕ್ಸೈಡ್ ಪದರ ಬೆಳೆಸಿದ, ಅಲ್ಯೂಮಿನಿಯಂನ ವಿದ್ಯುತ್ ಗುಣ ಗಾಳಿಯ ತೇವದೊಂದಿಗೆ ಬದಲಾಗುತ್ತದೆ ಎಂದು ಇಬ್ಬರೂ ತೋರಿಸಿಕೊಟ್ಟರು.

ಅದಕ್ಕೂ ಮುಂಚೆ ತೇವ ಅಳೆಯಲು 1783ರ ಸೊಸ್ಯೂರನ ಕೂದಲಿನ ಮಾಪಕವಿತ್ತು. 1938ರ ಹೊತ್ತಿಗೆ ಅಮೆರಿಕದ ಡನ್‌ಮೋರ್ ರೂಪಿಸಿದ ಲಿಥಿಯಂ ಕ್ಲೋರೈಡ್ ಸೆನ್ಸರ್ ಬಂತು. ಅನೊಡೈಸಿಂಗ್ ಮಾತ್ರ ಹುಟ್ಟಿದ್ದು ಬೇರೆ ಕೆಲಸಕ್ಕೆ: 1923ರಲ್ಲಿ ಬ್ರಿಟನ್ನಿನ ಬೆಂಗೋ ಮತ್ತು ಸ್ಟುವರ್ಟ್ ಕಡಲ ವಿಮಾನದ ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡಲು ಹೂಡಿದ ಉಪಾಯ ಅದು. ಆಮ್ಲದಲ್ಲಿ ಅನೊಡೈಸ್ ಮಾಡಿದ ಪದರದ ತುಂಬ ಸೂಕ್ಷ್ಮ ರಂಧ್ರಗಳು. ಲೇಪನದವರಿಗೆ ಅದೇ ತಲೆನೋವು, ಕುದಿಯುವ ನೀರಲ್ಲಿ ಅದ್ದಿ ಮುಚ್ಚಿಬಿಡುತ್ತಿದ್ದರು. ಸೆನ್ಸರ್‌ನವರಿಗೆ ಬೇಕಾದದ್ದು ಆ ತೂತುಗಳೇ.

ಪದರದ ಮೇಲೆ ಆವಿ ನುಸುಳುವಷ್ಟು ತೆಳುವಾಗಿ ಚಿನ್ನ ಲೇಪಿಸಿದರೆ ಕೆಪಾಸಿಟರ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಧನ, ಸಿದ್ಧ. ಆವೇಶ ಹಿಡಿದಿಡಲು ವಸ್ತು ಎಷ್ಟು ನೆರವಾಗುತ್ತದೆ ಎಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ಅಲ್ಯೂಮಿನಾಕ್ಕೆ (ಆ ಆಕ್ಸೈಡ್ ಪದರಕ್ಕೆ) ಸುಮಾರು 10, ನೀರಿಗೆ ಸುಮಾರು 80. ಹಾಗಾಗಿ ರಂಧ್ರಕ್ಕೆ ನೀರು ಹೊಕ್ಕಷ್ಟೂ ಕೆಪಾಸಿಟೆನ್ಸ್, ಅಂದರೆ ಆವೇಶ ಹಿಡಿಯುವ ಸಾಮರ್ಥ್ಯ, ಏರಬೇಕು. ಆದರೆ ಲೆಕ್ಕ ಅಷ್ಟು ಸಲೀಸಲ್ಲ. ಮೊದಲು ಬಂದ ನೀರು ರಂಧ್ರದ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಅಲುಗಾಡುವುದಿಲ್ಲ. ಆಮೇಲೆ ಬರುವ ಪದರಗಳಲ್ಲಿ ಪ್ರೋಟಾನ್‌ಗಳು ಅಣುವಿನಿಂದ ಅಣುವಿಗೆ ಜಿಗಿಯುತ್ತವೆ. ಕೊನೆಗೆ ರಂಧ್ರವೇ ತುಂಬುತ್ತದೆ. ಕಿರಿದಾದ ರಂಧ್ರದಲ್ಲಿ ಆವಿ ಯಾವಾಗ ನೀರಾಗುತ್ತದೆ ಎಂದು ಹೇಳುವ ಕೆಲ್ವಿನ್ ಸಮೀಕರಣದ ಪ್ರಕಾರ 1 ನ್ಯಾನೋಮೀಟರ್ ತ್ರಿಜ್ಯದ ರಂಧ್ರ ಶೇ 35ರ ಆರ್ದ್ರತೆಗೇ ತುಂಬೀತು, 10 ನ್ಯಾನೋಮೀಟರಿನದಕ್ಕೆ ಶೇ 90 ಬೇಕು.

ಮೇಜಿನ ಮೇಲೆ ಇದನ್ನು ನೋಡುವುದೇ ಚೆಂದ. ತುಣುಕನ್ನು ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರಿಗೆ ಸಿಕ್ಕಿಸಿ, ಹತ್ತಿರ ಬಾಗಿ ‘ಹಾ’ ಎಂದು ಉಸಿರು ಬಿಟ್ಟರೆ ಅಂಕಿ ತಟ್ಟನೆ ಏರುತ್ತದೆ. ಇಳಿಯುವಾಗ ಮಾತ್ರ ನಿಧಾನ, ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯೊಳಗಿಟ್ಟರೂ ಅಷ್ಟೇ. ಅಳೆಯುವ ವಿದ್ಯುತ್ತಿನ ಆವರ್ತನವೂ ಮುಖ್ಯ: 100 ಹರ್ಟ್ಸ್‌ನಲ್ಲಿ ಒಂದು ಅಂಕಿ, 100 ಕಿಲೋಹರ್ಟ್ಸ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ. ಆವರ್ತನ ಹೇಳದೆ ಕೆಪಾಸಿಟೆನ್ಸ್ ಮಾತ್ರ ಬರೆದ ವರದಿಯನ್ನು ನಾನಂತೂ ನಂಬುವುದಿಲ್ಲ.

ದೊಡ್ಡ ತಕರಾರು ಬೇರೆಯೇ ಇದೆ. ಅಳೆಯಬೇಕಾದ ನೀರೇ ಅಲ್ಯೂಮಿನಾದ ಜೊತೆ ನಿಧಾನವಾಗಿ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ. ರಂಧ್ರ ಕಿರಿದಾಗುತ್ತದೆ, ಅಂಕಿ ಜಾರುತ್ತದೆ. ಲೇಪನದವರು ಕುದಿನೀರಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸವನ್ನು ಗಾಳಿಯ ತೇವ ವರ್ಷಗಟ್ಟಲೆ ಮಾಡುತ್ತದೆ, ಅಷ್ಟೇ. 1973ರಲ್ಲಿ ಫಿನ್ಲೆಂಡಿನ ವೈಸಾಲಾ ಕಂಪನಿ ಪಾಲಿಮರ್ ಪದರದ ಸೆನ್ಸರ್ ತಂದ ಮೇಲೆ ಸಾಮಾನ್ಯ ಬಳಕೆ ಅತ್ತ ವಾಲಿತು. ಅಲ್ಯೂಮಿನಾ ಉಳಿದದ್ದು ತೀರಾ ಒಣ ಜಾಗಗಳಲ್ಲಿ, ನೈಸರ್ಗಿಕ ಅನಿಲದ ಪೈಪುಗಳಂಥ ಕಡೆ. ಅಲ್ಲೂ ಆಗಾಗ ಬಿಚ್ಚಿ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿಪಡಿಸಲು, ಕಳಿಸಲೇಬೇಕು.